ಇಳಕಲ್ಲಿನ ಚಾಳೀಸ ಪೈಲ್ವಾನ

ಚಾಳೀಸು ಹಾಕಿಕೊಂಡವನು ಕುಸ್ತಿ ಕಲಿಯಲು ಹೋದರೆ ಏನೇನು ಆಗುತ್ತದೆ ಎಂದು ಯಾರಾದರೂ ಕೇಳಿದರೆ, "ಏನ ಆಗಲಿಲ್ಲ ಅಂತ ಕೇಳ್ರಿ, ಲಗೂ ಮುಗೀತೈತಿ" ಅನ್ನುತ್ತೇನೆ. ನಾನು ಕುಸ್ತಿ ಹಿಡಿದದ್ದು ನಾಲ್ಕೈದು ವರ್ಷ. ಅದರಿಂದಾದ ಫಜೀತಿಗಳನ್ನು ಹೇಳುತ್ತಾ ಬಂದದ್ದು ನಲವತ್ತು ವರ್ಷ.

ನಮ್ಮ ಕಡೆ ಕನ್ನಡಕಕ್ಕೆ ಚಾಳೀಸು ಅನ್ನುತ್ತಾರೆ. ಚಾಳೀಸ ಅಂದರೆ ನಲವತ್ತು. ನಲವತ್ತು ತುಂಬಿದ ಮೇಲೆ ಮೂಗಿನ ಮೇಲೆ ಏರುವ ವಸ್ತು, ಅದಕ್ಕೇ ಆ ಹೆಸರು. ನನಗೆ ಅದು ಹದಿನಾಲ್ಕಕ್ಕೇ ಏರಿತು. ಎಪ್ಪತ್ತರ ದಶಕದ ಇಳಕಲ್ಲಿನಲ್ಲಿ ಆ ವಯಸ್ಸಿಗೆ ಚಾಳೀಸು ಹಾಕಿದವರು ನಮ್ಮ ಓಣಿಯಲ್ಲಿ ಯಾರೂ ಇರಲಿಲ್ಲ. ದೊಡ್ಡವರು "ಏನ್ರಿ ಅಜ್ಜಾರ, ಆರಾಮ ಇದ್ದೀರಿ?" ಎಂದು ಕೇಳುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಹದಿನೆಂಟು ತುಂಬಿದ ವರ್ಷ, ಯಾರಿಗೂ ಹೇಳದೆ, ಅಜ್ಜ ಅಲ್ಲ ಎಂದು ತೋರಿಸಲೇಬೇಕು ಎಂಬ ಒಂದೇ ಸಿಟ್ಟಿನಿಂದ ಗರಡಿಮನೆಗೆ ಹೋದೆ.

೧. ಹನುಮಪ್ಪನಿಗೆ ಕಣ್ಣು ಬಂದದ್ದು

ಗರಡಿಯ ಗುರುಗಳನ್ನು ಎಲ್ಲರೂ ವಸ್ತಾದರು ಅನ್ನುತ್ತಿದ್ದರು. ಮುಸಲ್ಮಾನರು. ಸೀರೆಯ ನೂಲಿಗೆ ಬಣ್ಣ ಹಾಕುವುದು ಅವರ ಉದ್ಯೋಗ. ಅವರ ಕೈ ನೋಡಿದರೆ ಈ ವಾರ ಊರಲ್ಲಿ ಯಾವ ಬಣ್ಣದ ಸೀರೆ ಮಗ್ಗಕ್ಕೆ ಏರಿದೆ ಎಂದು ಹೇಳಬಹುದಿತ್ತು. ಬೆಳಗಿನ ನಮಾಜು ಮುಗಿಸಿ ಗರಡಿಗೆ ಬಂದು, ಗೋಡೆಯ ಗೂಡಿನಲ್ಲಿದ್ದ ಹನುಮಪ್ಪನಿಗೆ ಊದಿನಕಡ್ಡಿ ಹಚ್ಚಿ, ಆಮೇಲೆ ನಮ್ಮ ಬೆನ್ನು ಮುರಿಯಲು ನಿಲ್ಲುತ್ತಿದ್ದರು.

ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದರು, "ಇದನ್ನ ಮೂಗಿನ ಮ್ಯಾಲ ಇಟಗೊಂಡ ಕುಸ್ತಿ ಹಿಡೀತಿಯೇನಲೇ? ಒಂದ ಏಟು ಬಿತ್ತಂದ್ರ ಇಬ್ಬರಿಗೆ ನೋವು. ಒಂದ ನಿನ್ನ ಮೂಗಿಗೆ, ಒಂದ ನಿಮ್ಮಪ್ಪಗ."

ಹೊರಗೆ ಹೋಗು ಎನ್ನಲಿಲ್ಲ. ಚಾಳೀಸನ್ನು ಹನುಮಪ್ಪನ ಗೂಡಿನಲ್ಲಿಟ್ಟು ಮಣ್ಣಿಗೆ ಇಳಿ ಎಂದರು. ಅವತ್ತಿನಿಂದ ಅದೇ ಜಾಗ.

ನಮ್ಮ ಗರಡಿಯಲ್ಲಿ ಒಬ್ಬ ದಪ್ಪ ಪೈಲ್ವಾನನಿದ್ದ. ತೋಳಿನಲ್ಲಿ ಎಷ್ಟು ಶಕ್ತಿಯೋ ತಲೆಯಲ್ಲಿ ಅಷ್ಟೇ ಕಿತಾಪತಿ. ಒಂದು ಬೆಳಿಗ್ಗೆ ನಾನು ಮಣ್ಣಿನಲ್ಲಿರುವಾಗ ನನ್ನ ಚಾಳೀಸನ್ನು ಹನುಮಪ್ಪನ ಮೂಗಿಗೇ ಏರಿಸಿಬಿಟ್ಟ. ಅದೇ ಹೊತ್ತಿಗೆ ಗರಡಿಗೆ ಹಾಲು ಹಾಕುವ ಮುದುಕಿ ಬಂದಳು. ಆಕೆ ಒಳಗೆ ಬರುತ್ತಿರಲಿಲ್ಲ, ಹೊಸ್ತಿಲಲ್ಲೇ ನಿಂತು ದಿನಾ ಕೈ ಮುಗಿಯುತ್ತಿದ್ದಳು. ಅವತ್ತು ಮುಗಿದ ಕೈ ಹಾಗೇ ನಿಂತಿತು.

"ಅಯ್ಯ ನನ್ನಪ್ಪಾ! ಅದಕ್ಕ ನೋಡ! ಮೂವತ್ತ ವರ್ಷ ಆತು, ನನ್ನ ಕಷ್ಟ ಇವಗ ಯಾಕ ಕಾಣವಲ್ಲದು ಅಂತ ಬೈತಿದ್ದೆ. ಪಾಪ, ಕಣ್ಣ ಮಂದ ಇದ್ದದ್ದು ನನಗೇನ ಗೊತ್ತು?"

ಮರುದಿನ ಆಕೆ ಒಂದು ತಾಸು ಮೊದಲೇ ಬಂದು ಹೊಸ್ತಿಲಲ್ಲಿ ಕೂತಳು. ಮೂವತ್ತು ವರ್ಷದ ಕಷ್ಟವನ್ನು ಮೊದಲಿನಿಂದ ಇನ್ನೊಮ್ಮೆ ಹೇಳಬೇಕಿತ್ತು.

ಹೇಳಿದ್ದು ಹನುಮಪ್ಪನಿಗಷ್ಟೇ ಆಗಿದ್ದರೆ ಚೆನ್ನಾಗಿತ್ತು. ಹಾಲಿನ ಜೊತೆಗೆ ಈ ಪವಾಡವನ್ನೂ ಮನೆಮನೆಗೆ ಹಾಕಿದಳು. ಹಾಗೇ ನಮ್ಮ ಮನೆಗೂ ಬಂತು. ಚಾಳೀಸು ಯಾರದು ಎಂದು ಅಪ್ಪನಿಗೆ ತಿಳಿಯಲು ಹೊತ್ತು ಹಿಡಿಯಲಿಲ್ಲ.

ಅಪ್ಪ ನೇಕಾರ. ಕುಣಿ ಮಗ್ಗದಲ್ಲಿ, ಅಂದರೆ ನೆಲದ ತೆಗ್ಗಿನಲ್ಲಿ ಕಾಲು ಇಳಿಬಿಟ್ಟು ಕೂತು ತುಳಿಯುವ ಮಗ್ಗದಲ್ಲಿ, ಸೀರೆ ನೇಯುತ್ತಿದ್ದ. ಬೈಯಲಿಲ್ಲ, ಹೊಡೆಯಲಿಲ್ಲ. ಲಾಳಿ ನಿಲ್ಲಿಸಿ ಹೇಳಿದ, "ಬರೂ ನಾಗರ ಪಂಚಮಿ ತನಕ ಹೋಗು. ಪಂಚಮಿಗೆ ಮಂದಿ ಮುಂದ ಒಂದ ಕುಸ್ತಿ ಹಿಡಿ. ಸೋಲದ ಹೊರಗ ಬಂದಿ ಅಂದ್ರ ನಿನ್ನ ಗರಡಿ ನಿನಗ. ಸೋತಿ ಅಂದ್ರ ಆ ಕಡಿ ಹಾಯೂದಿಲ್ಲ, ಬಂದು ಮಗ್ಗದಾಗ ಕುಂದ್ರತಿ. ಇರೂ ಸ್ವಲ್ಪ ಕಣ್ಣನ್ನ ಮಣ್ಣಾಗ ಹಾಕಾಕ ನಾ ಬಿಡೂದಿಲ್ಲ."

ನಾನು ಹೂಂ ಅಂದೆ. ಅಷ್ಟರಲ್ಲಿ ನನಗೆ ಗರಡಿಯ ಹುಚ್ಚು ಹತ್ತಿಯಾಗಿತ್ತು. ಮಣ್ಣಿಗೆ ಇಳಿದ ಮೇಲೆ ಯಾರೂ ನನ್ನನ್ನು ಅಜ್ಜಾರ ಅನ್ನುತ್ತಿರಲಿಲ್ಲ. ಚಾಳೀಸ ಅನ್ನುತ್ತಿದ್ದರು, ಆದರೆ ಅದು ಬೇರೆ ಮಾತು. ಗರಡಿಯಲ್ಲಿ ಅಡ್ಡಹೆಸರು ಬಿತ್ತೆಂದರೆ ನೀನು ನಮ್ಮವ ಎಂದು ಅರ್ಥ.

೨. ಮನುಷ್ಯ ತಪ್ಪಿದ್ದು

ಚಾಳೀಸು ತೆಗೆದರೆ ನನಗೆ ಮನುಷ್ಯರು ಕಾಣುತ್ತಿದ್ದರು, ಮುಖ ಕಾಣುತ್ತಿರಲಿಲ್ಲ. ಗರಡಿಯಲ್ಲಿ ಎಲ್ಲರ ಮೈಗೂ ಒಂದೇ ಕೆಂಪು ಮಣ್ಣು. ಎಲ್ಲರೂ ಬೋಳುತಲೆ, ಎಲ್ಲರಿಗೂ ಲಂಗೋಟಿ. ಗುರುತು ಹಿಡಿಯುವುದಾದರೂ ಹೇಗೆ? ವಸ್ತಾದರೊಬ್ಬರನ್ನು ಮಾತ್ರ ಬಣ್ಣದ ಕೈಯಿಂದ ಗುರುತಿಸುತ್ತಿದ್ದೆ.

ಒಂದು ದಿನ ಮಣ್ಣು ಹದ ಮಾಡುವ ಕೆಲಸ ನಡೆದಿತ್ತು. ಮಜ್ಜಿಗೆ, ಎಣ್ಣೆ, ಅರಿಶಿನ ಹಾಕಿ ಮಣ್ಣನ್ನು ತಿರುವಿ ಮೆತ್ತಗೆ ಮಾಡುವುದು ಗರಡಿಯ ಪದ್ಧತಿ. "ಮಣ್ಣ ಹದ ಆತು, ಜೋಡಿ ಇಳೀರಿ" ಎಂದು ಯಾರೋ ಕೂಗಿದರು. ನಾನು ಗೂಡಿನಲ್ಲಿ ಚಾಳೀಸಿಟ್ಟು ಇಳಿದೆ. ಎದುರಿಗೆ ನನ್ನ ಜೋಡಿ ಬೆನ್ನು ಹಾಕಿ ಬಗ್ಗಿ ನಿಂತಿದ್ದಾನೆ! ಡಾವು, ಅಂದರೆ ಪಟ್ಟು, ಹಾಕಲು ಇಂಥ ಅವಕಾಶ ಇನ್ನೊಮ್ಮೆ ಸಿಗುತ್ತದೆಯೇ? ಹಿಂದಿನಿಂದ ಹೋಗಿ ಸೊಂಟ ಹಿಡಿದು ಎತ್ತಿ, ತಿರುವಿ, ಬೆನ್ನು ಮಣ್ಣಿಗೆ ಹಚ್ಚಿ ಎದೆಯ ಮೇಲೆ ಕೂತೆ. ಜೀವನದಲ್ಲಿ ನಾನು ಮಾಡಿದ ಮೊದಲ ಪೂರಾ ಚಿತ್.

ಯಾರೂ ಭಲೇ ಅನ್ನಲಿಲ್ಲ. ಪಕ್ಕದಲ್ಲಿ ಒಂದು ಸಲಿಕೆ ಬಿದ್ದಿತ್ತು. ಅದನ್ನು ಕಂಡಾಗ ನೆನಪಾಯಿತು. ಮಣ್ಣು ತಿರುವುವ ಕೆಲಸವನ್ನು ವಸ್ತಾದರು ಬೇರೆಯವರಿಗೆ ಕೊಡುತ್ತಿರಲಿಲ್ಲ. ಅವತ್ತು ಅವರ ಕೈಯ ಬಣ್ಣದ ಮೇಲೆ ಮಣ್ಣು ಕೂತಿತ್ತು.

ಅರವತ್ತರ ಹತ್ತಿರದ ಆ ಜೀವ ನನ್ನ ಕೆಳಗಿನಿಂದ ನಿಧಾನಕ್ಕೆ ಮಾತಾಡಿತು.

"ಡಾವು ಚಲೋ ಐತಿ. ಮನಷ್ಯಾ ತಪ್ಪ್ಯಾನ."

೩. ಸರಿಯಲ್ಲದ ಜೋಡಿ

ಬೇರೆ ಗುರುಗಳಾಗಿದ್ದರೆ ಅವತ್ತೇ ನನ್ನನ್ನು ಓಡಿಸುತ್ತಿದ್ದರು. ವಸ್ತಾದರು ರಾತ್ರಿ ಪೂರ್ತಿ ವಿಚಾರ ಮಾಡಿದರಂತೆ. ಮರುದಿನ ಬರುವಾಗ ಒಂದು ಹಳೆಯ ಸೀರೆಯನ್ನು ಪಟ್ಟಿಪಟ್ಟಿಯಾಗಿ ಹರಿದುಕೊಂಡು ಬಂದರು. "ಎಲ್ಲಾರೂ ಕಣ್ಣ ಕಟಗೋರಿ. ಇವತ್ತಿಂದ ದಿನಾ ಅರ್ಧಾ ತಾಸು ಹಿಂಗ ಕುಸ್ತಿ. ಕುಸ್ತಿ ಹಿಡಿಯೂದು ಕೈಲೆ, ಕಣ್ಣೀಲೆ ಅಲ್ಲ. ಎದರಿನಾಂವನ ಉಸರ ಕೇಳ್ರಿ, ತೋಳ ಬಿಗಿದದ್ದ ಕೈಗೆ ಗೊತ್ತಾಗಬೇಕು."

ಆ ಅರ್ಧ ತಾಸು ನನ್ನದೇ ರಾಜ್ಯ. ಕಾಣದೆ ಬದುಕುವುದು ನನಗೆ ಹೊಸದೇನಲ್ಲ. ಉಳಿದವರು ಗೋಡೆ ತಡಕುತ್ತಾ, ಒಬ್ಬರ ಕಾಲು ಇನ್ನೊಬ್ಬರು ತುಳಿಯುತ್ತಾ ಇರುವಾಗ ನಾನು ಒಬ್ಬೊಬ್ಬರನ್ನೇ ಹಿಡಿದು ಕೆಡವುತ್ತಿದ್ದೆ. ಒಬ್ಬ ಹುಡುಗನ ಸಲುವಾಗಿ ಇಡೀ ಗರಡಿಯ ಕಣ್ಣು ಕಟ್ಟಿಸಿದ ಆ ಮನುಷ್ಯನ ಉಪಕಾರವನ್ನು ನಾನು ಇವತ್ತಿಗೂ ಮರೆತಿಲ್ಲ. ಎಷ್ಟೋ ಮಂದಿ ನನಗೆ ಏನೇನೋ ಕಲಿಸಿದರು. ನನ್ನ ಕೊರತೆಯನ್ನೇ ಪಾಠ ಮಾಡಿದವರು ಇವರೊಬ್ಬರೇ.

ದಪ್ಪ ಪೈಲ್ವಾನನಿಗೆ ಮಾತ್ರ ಇದು ಒಗ್ಗಲಿಲ್ಲ. ಒಂದು ದಿನ ಕಣ್ಣು ಕಟ್ಟಿಕೊಂಡು ನನ್ನನ್ನು ಹುಡುಕುತ್ತಾ ಹುಡುಕುತ್ತಾ ಬಾಗಿಲು ದಾಟಿ ಹೊರಗೇ ಹೋದ. ಹೊರಗೆ ಹಾಲಿನ ಮುದುಕಿಯ ಎಮ್ಮೆ ನಿಂತಿತ್ತು. ಕೈಗೆ ಮೈ ಹತ್ತಿದ್ದೇ ತಡ, "ಸಿಕ್ಕಿಯಲ್ಲ ಮಗನ!" ಎಂದು ಕುತ್ತಿಗೆಗೆ ತೋಳು ಹಾಕಿ ಬಿಗಿದ. ಎಮ್ಮೆ ಅಲುಗಾಡಲಿಲ್ಲ. ಇವನು ಇನ್ನೂ ಜೋರು ಮಾಡಿದ. "ಚಾಳೀಸ, ಯಾವಾಗ ಇಷ್ಟ ಗಟ್ಟಿ ಆದ್ಯೋ?" ಎಂದು ಅದರ ಕಿವಿಯಲ್ಲಿ ಕೇಳುತ್ತಿದ್ದ. ಮುದುಕಿ ಬೊಬ್ಬೆ ಹೊಡೆದಾಗ ನಾವೆಲ್ಲ ಹೊರಗೆ ಓಡಿದೆವು.

ವಸ್ತಾದರು ಗಂಭೀರವಾಗಿ ನೋಡಿ ಹೇಳಿದರು, "ಬಿಡಪಾ, ಬಿಡು. ತೂಕ ನಿನಗಿಂತ ಹೆಚ್ಚೈತಿ, ಜೋಡಿ ಸರಿ ಇಲ್ಲ."

೪. ಬಾದಾಮಿಯಲ್ಲಿ ಸ್ವತಃ ಬಂದದ್ದು

ಬೇಸಿಗೆಯಲ್ಲಿ ವಸ್ತಾದರು ನಮ್ಮ ಎಂಟು ಮಂದಿಯನ್ನು ಬಾದಾಮಿ ಹತ್ತಿರದ ಚೊಳಚಗುಡ್ಡಕ್ಕೆ ಕರೆದುಕೊಂಡು ಹೋದರು. ಅಲ್ಲಿ ಅವರ ತಂಗಿಯ ಮನೆ. ಆಯಮ್ಮ ಎಂಟು ಪೈಲ್ವಾನರಿಗೆ ರೊಟ್ಟಿ ಬಡಿದು ಹಾಕಿದಳು, ಒಂದು ದಿನವೂ ಮುಖ ಸಿಂಡರಿಸಲಿಲ್ಲ. ನಸುಕಿನಲ್ಲಿ ಬನಶಂಕರಿಯಿಂದ ಬಾದಾಮಿಯವರೆಗೆ ಓಟ, ಆಮೇಲೆ ಗವಿಗಳ ಮೆಟ್ಟಿಲು ಹತ್ತಿ ಇಳಿಯುವುದು. ಮೆಟ್ಟಿಲು ಕಾಣಬೇಕೆಂದು ನಾನು ಚಾಳೀಸು ಹಾಕಿಕೊಂಡೇ ಹತ್ತುತ್ತಿದ್ದೆ.

ಮೂರನೇ ದಿನ ಮೇಲಿನ ಕಟ್ಟೆಯ ಮೇಲೆ ಉಸಿರು ತೆಗೆದುಕೊಳ್ಳುತ್ತಾ ಕೂತಿದ್ದೆ. ಹಿಂದಿನಿಂದ ಒಂದು ಕೈ ಬಂತು. ದಪ್ಪ ಪೈಲ್ವಾನನ ಚೇಷ್ಟೆ ಎಂದುಕೊಂಡು "ಏ, ಕೊಡಲೇ ಮಂಗ್ಯಾ" ಅಂದೆ. ಪೈಲ್ವಾನ ನನ್ನ ಮುಂದೆಯೇ ಕೂತಿದ್ದ. ಹಿಂದಿದ್ದದ್ದು ಖರೆ ಮಂಗ್ಯಾ.

ಅದು ಚಾಳೀಸು ಹಿಡಿದು ಬಂಡೆಯ ತುದಿಗೆ ಹೋಗಿ ಕೂತಿತು. ಒಮ್ಮೆ ನೆಕ್ಕಿತು, ಒಮ್ಮೆ ಕಣ್ಣಿಗೆ ಹಿಡಿದು ಕೆಳಗಿನ ಕೆರೆ ನೋಡಿತು. ಎಂಟು ಜನ ಪೈಲ್ವಾನರು, ಒಬ್ಬೊಬ್ಬನ ತೊಡೆ ಕಂಬದಷ್ಟು, ಆ ಮಂಗನಿಗೆ ಕೈ ಮುಗಿದು "ಕೊಡಪ್ಪಾ, ಬಂಗಾರದಂಥಾವ ನೀನು" ಎಂದು ಬೇಡುತ್ತಾ ನಿಂತೆವು. ಕಡಲೆ ತೋರಿಸಿದೆವು. ಕಡಲೆಯನ್ನೂ ಕಸಿದುಕೊಂಡು ಹೋಯಿತು. ಕಡೆಗೆ ಬೇಸರವಾಗಿ ಚಾಳೀಸನ್ನು ಕೆಳಗೆ ಒಗೆಯಿತು. ಹೋಗಿ ನೋಡಿದರೆ ಒಂದು ಗಾಜು ಪುಡಿ, ಇನ್ನೊಂದು ಕಾಣೆ.

ನಾನು ಅಳುವ ಸ್ಥಿತಿಯಲ್ಲಿದ್ದೆ. ಪಂಚಮಿಗೆ ಎರಡೂವರೆ ತಿಂಗಳು ಉಳಿದಿತ್ತು, ಅಪ್ಪನಿಗೆ ಏನು ಹೇಳುವುದು? ವಸ್ತಾದರು ಬೆನ್ನು ತಟ್ಟಿದರು.

"ಯಾಕ ಅಳ್ತೀ? ಇಷ್ಟ ದಿನಾ ಹನುಮಪ್ಪನ ಗೂಡಿನ್ಯಾಗ ಇಟ್ಟಿ. ಅವಗ ರೂಢಿ ಆಗೇತಿ, ತಗೊಂಡ ಹೋಗಾಕ ಸ್ವತಃ ಬಂದಿದ್ದ."

೫. ಯಾವ ಗೋಡೆ

ಹೊಸ ಚಾಳೀಸಿಗಾಗಿ ಅಪ್ಪ ಮಗ್ಗ ನಿಲ್ಲಿಸಿ ನನ್ನನ್ನು ಬಾಗಲಕೋಟೆಗೆ ಕರೆದುಕೊಂಡು ಹೋದ. ದವಾಖಾನೆಯಲ್ಲಿ ಡಾಕ್ಟರು ನನ್ನನ್ನು ಕುರ್ಚಿಯಲ್ಲಿ ಕೂರಿಸಿ, "ಗ್ವಾಡಿ ಮ್ಯಾಲಿಂದ ಮೊದಲನೇ ಸಾಲ ಓದು" ಅಂದರು.

"ಯಾವ ಗ್ವಾಡಿರಿ?" ಎಂದು ಕೇಳಿದೆ.

ಡಾಕ್ಟರು ನಕ್ಕರು. ಅಪ್ಪ ನಗಲಿಲ್ಲ. ನನಗೆ ಎಷ್ಟು ಕಾಣುವುದಿಲ್ಲ ಎಂದು ಅವನಿಗೆ ಗೊತ್ತಾದದ್ದೇ ಅವತ್ತು. ಹೊರಗೆ ಬಂದು ಕಟ್ಟೆಯ ಮೇಲೆ ಕೂತು ಮೆಲ್ಲಗೆ ಕೇಳಿದ, "ಇಷ್ಟೂ ಕಾಣೂದಿಲ್ಲಂದ್ರ ಕುಸ್ತಿ ಹೆಂಗ ಹಿಡೀತಿಯೋ?"

"ಕೈಲೆ ಅಪ್ಪಾ."

ಅಪ್ಪ ತನ್ನ ಕೈಯನ್ನೇ ನೋಡಿಕೊಂಡ. ಪಂಚಮಿಗೆ ತಾನೂ ಬರುತ್ತೇನೆ ಎಂದದ್ದು ಅಲ್ಲಿಯೇ. "ಮಾತಂದ್ರ ಮಾತು ಮತ್ತ. ಸೋತ್ರ ಮಗ್ಗ" ಎಂದು ಸೇರಿಸುವುದನ್ನು ಮರೆಯಲಿಲ್ಲ.

ಚಾಳೀಸಿನ ಅಂಗಡಿಯಲ್ಲಿ ಇನ್ನೊಂದು ತೊಡಕು. ಕುಸ್ತಿಯಲ್ಲಿ ತಿಕ್ಕಿ ತಿಕ್ಕಿ ನನ್ನ ಕಿವಿ ದಪ್ಪವಾಗಿ ಮುದುಡಿಕೊಂಡಿತ್ತು, ಚಾಳೀಸಿನ ಕಾಲು ನಿಲ್ಲುತ್ತಲೇ ಇರಲಿಲ್ಲ. ಅಂಗಡಿಯವರು ಅದನ್ನು ಕಾಯಿಸಿ ಬಗ್ಗಿಸಿ, ಮತ್ತೆ ಕಾಯಿಸಿ ಬಗ್ಗಿಸಿ ಸುಸ್ತಾದರು. "ಇಷ್ಟ ವರ್ಷದಾಗ ಕಣ್ಣಿನ ಅಳತಿ ತಗೊಂಡೇನಿ, ಮೂಗಿನ ಅಳತಿ ತಗೊಂಡೇನಿ. ಕಿವಿ ಅಳತಿ ತಗೊಂಡದ್ದು ಇದ ಮೊದಲು" ಎಂದರು.

೬. ಹುನಗುಂದದ ಹತ್ತಿರದ ಕುಸ್ತಿ

ಪಂಚಮಿಯ ಮರುದಿನ ಹುನಗುಂದದ ಹತ್ತಿರದ ಒಂದು ಹಳ್ಳಿಯಲ್ಲಿ ಕುಸ್ತಿ. ವಸ್ತಾದರು ಅಲ್ಲಿಯ ಹಿರಿಯರಿಗೆ ಬಸ್ಸಿನ ಕಂಡಕ್ಟರನ ಕೈಯಲ್ಲಿ ಮಾತು ಕಳಿಸಿದ್ದರು. "ಇಳಕಲ್ಲಿನಿಂದ ನಮ್ಮ ಚಾಳೀಸ ಪೈಲ್ವಾನ ಬರ್ತಾನ, ಒಂದ ಜೋಡಿ ನೋಡಿ ಇಡ್ರಿ." ಕುಸ್ತಿಯಲ್ಲಿ ವಯಸ್ಸು, ಮೈಕಟ್ಟು ನೋಡಿ ಸರಿಜೋಡಿ ಹುಡುಕಿ ಇಡುವುದು ಊರಿನವರ ಜವಾಬ್ದಾರಿ. ಆ ಹಿರಿಯರು ಪಾಪ ಬಹಳ ಕಷ್ಟಪಟ್ಟು ಜವಾಬ್ದಾರಿ ನಿಭಾಯಿಸಿದ್ದರು. ಚಾಳೀಸ ಪೈಲ್ವಾನ ಎಂದರೆ ನಲವತ್ತರ ಪೈಲ್ವಾನ ಎಂದು ತಿಳಿದು, ಹತ್ತು ವರ್ಷದ ಹಿಂದೆ ಕುಸ್ತಿ ಬಿಟ್ಟಿದ್ದ ತಮ್ಮೂರಿನ ನಲವತ್ತೆರಡರ ಒಬ್ಬ ಹಳೆಯ ಪೈಲ್ವಾನರನ್ನು ಕಾಡಿ ಬೇಡಿ ಒಪ್ಪಿಸಿದ್ದರು. ಇದು ನಮಗೆ ಗೊತ್ತಾದದ್ದು ಆಮೇಲೆ.

ಬಸ್ಸಿಳಿದ ಕೂಡಲೇ ವಸ್ತಾದರು ಹಿರಿಯರನ್ನು ಹುಡುಕಿಕೊಂಡು ಹೋದರು. ನಾನು ಚಾಳೀಸನ್ನು ಅಪ್ಪನ ಕೈಗೆ ಕೊಟ್ಟು ಗುಡಿಯ ಹಿಂದೆ ಲಂಗೋಟಿ ಬಿಗಿಯಲು ಹೋದೆ. ಅಪ್ಪನ ಒಂದು ಕೈಯಲ್ಲಿ ಬುತ್ತಿಯ ಗಂಟು, ಇನ್ನೊಂದರಲ್ಲಿ ಕೊಡೆ. ಕಿಸೆಯಲ್ಲಿಟ್ಟರೆ ಗದ್ದಲದಲ್ಲಿ ಒಡೆದೀತು, ಇನ್ನೊಮ್ಮೆ ಬಾಗಲಕೋಟೆಗೆ ಹೋಗುವ ಶಕ್ತಿ ಅವನಿಗಿಲ್ಲ. ಎಲ್ಲಕ್ಕಿಂತ ಸುರಕ್ಷಿತ ಜಾಗ ಎಂದು ತನ್ನ ಮೂಗಿನ ಮೇಲೇ ಇಟ್ಟುಕೊಂಡ.

ನನ್ನ ನಂಬರಿನ ಗಾಜಿನಲ್ಲಿ ಒಳ್ಳೆಯ ಕಣ್ಣಿನವನಿಗೆ ಏನು ಕಾಣಬೇಕು? ಅಪ್ಪ ಮಂಜಿನಲ್ಲಿ ನಿಂತವನಂತೆ ನಿಂತಿದ್ದಾಗ ಹಲಗೆ ಬಾರಿಸುತ್ತಾ ಊರಿನವರು ಬಂದರು. ನಲವತ್ತು ದಾಟಿದ ಮನುಷ್ಯ, ಮೂಗಿನ ಮೇಲೆ ಚಾಳೀಸು. ಸಂಶಯವೇ ಇಲ್ಲ.

"ಇಳಕಲ್ಲವರೇನ್ರಿ?"

"ಹೌದ್ರಿ."

"ಚಾಳೀಸ?"

"ಹೌದ್ರಿ, ನಮ್ಮದರಿ" ಅಂದ ಅಪ್ಪ.

ಕೊರಳಿಗೆ ಹಾರ ಬಿತ್ತು. ಹಲಗೆ ಜೋರಾಯಿತು. ಹುಡುಗನ ಅಪ್ಪನಿಗೇ ಇಷ್ಟು ಮರ್ಯಾದೆ ಮಾಡುವ ಊರು ಎಷ್ಟು ಒಳ್ಳೆಯದು ಎಂದು ಅಪ್ಪ ಗಂಟು, ಕೊಡೆ ಹಿಡಿದ ಕೈಯನ್ನೇ ಮುಗಿಯುತ್ತಾ ನಡೆದ.

ನಾನು ಲಂಗೋಟಿ ಬಿಗಿದು ಬಂದಾಗ ದೂರದಲ್ಲಿ ಹಾರ ಹಾಕಿದ ಯಾವುದೋ ಆಕೃತಿಯನ್ನು ಮೆರವಣಿಗೆಯಲ್ಲಿ ಕುಸ್ತಿಯ ಕಣಕ್ಕೆ ಒಯ್ಯುತ್ತಿದ್ದರು. ಯಾರೋ ಭಾರಿ ಪೈಲ್ವಾನ ಎಂದು ನಾನೂ ಎರಡು ಸಲ "ಭಲೇ!" ಎಂದು ಕೂಗಿದೆ. ಪಕ್ಕದವನನ್ನು ಕೇಳಿದೆ, "ಯಾರ್ರಿ ಅವರು?"

"ಇಳಕಲ್ಲ ಚಾಳೀಸ ಪೈಲ್ವಾನ."

"ಹಂಗಾದ್ರ ನಾ ಯಾರ್ರಿ?"

"ಅದನ್ನ ನನಗ್ಯಾಕ ಕೇಳ್ತಿಯೋ ತಮ್ಮಾ?" ಎಂದು ಅವನು ಸರಿದು ನಿಂತ.

ಅಪ್ಪನಿಗೆ ಸಂಶಯ ಬಂದದ್ದು ಅಂಗಿ ಬಿಚ್ಚಿರಿ ಅಂದಾಗಲೇ. ಹಲಗೆಯ ಸಪ್ಪಳದಲ್ಲಿ ಅವನ ಮಾತು ಯಾರಿಗೂ ಕೇಳಲಿಲ್ಲ. ಧೋತರದ ಕಚ್ಚೆ ಬಿಗಿದು, ಮಣ್ಣನ್ನು ಕೈಗೆ ಕೊಟ್ಟೇಬಿಟ್ಟರು. ವಸ್ತಾದರು ಓಡುತ್ತಾ ಬಂದು ಮುಟ್ಟುವಷ್ಟರಲ್ಲಿ ಹೊತ್ತು ಮೀರಿತ್ತು. ಮಣ್ಣು ಹಿಡಿದವನು ಕುಸ್ತಿ ಹಿಡಿಯದೆ ಹಿಂದೆ ಸರಿದರೆ ಸೋತಂತೆಯೇ. ಅವರು ಅಪ್ಪನ ಮೂಗಿನಿಂದ ಚಾಳೀಸು ತೆಗೆದುಕೊಂಡು ಕಿವಿಯಲ್ಲಿ ಹೇಳಿದರು, "ಹಿಂದ ಸರೀಬ್ಯಾಡ್ರಿ, ಸೋಲ ಬರೀತಾರ. ಗಟ್ಟಿ ಹಿಡಕೊಂಡ ನಿಂದರ್ರಿ. ಏನರೆ ಆಗ್ಲಿ, ಬೀಳಬ್ಯಾಡ್ರಿ."

ಚಾಳೀಸು ನನ್ನ ಕೈಗೆ ಬಂತು. ಹಾಕಿಕೊಂಡು ನೋಡಿದರೆ ಕಣದ ನಡುವೆ ನನ್ನ ಅಪ್ಪ! ಎದುರಿಗೆ ಮುರಿದ ಕಿವಿಯ, ಅಗಲ ಎದೆಯ ಹಳೆಯ ಪೈಲ್ವಾನರು. ನನ್ನ ಗರಡಿಯೂ ಹೋಯಿತು, ಅಪ್ಪನ ಸೊಂಟವೂ ಹೋಯಿತು ಎಂದುಕೊಂಡೆ.

ಇಬ್ಬರೂ ಕೈಗೆ ಕೈ ಕೊಟ್ಟರು, ತಲೆಗೆ ತಲೆ ಹಚ್ಚಿದರು, ಹಾಗೇ ನಿಂತುಬಿಟ್ಟರು. ಹಳೆಯ ಪೈಲ್ವಾನರು ನೂಕಿದರು. ಅಪ್ಪ ಕದಲಲಿಲ್ಲ. ಇಪ್ಪತ್ತೈದು ವರ್ಷ ಮಗ್ಗ ತುಳಿದ ಕಾಲು, ಮಣ್ಣಿಗೆ ಕಚ್ಚಿ ನಿಂತಿತ್ತು. ಒಂದು ನಿಮಿಷ, ಎರಡು, ಐದು. ಜನ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಆ ತಲೆಗಳ ನಡುವೆ ನಡೆದ ಮಾತನ್ನು ಅಪ್ಪ ಆಮೇಲೆ ಹೇಳಿದ.

"ಎಷ್ಟ ವರ್ಷ ಆತ್ರಿ ನೀವು ಕುಸ್ತಿ ಹಿಡೀಲಿಕತ್ತು?" ಎಂದರಂತೆ ಅವರು, ಏದುಸಿರು ಬಿಡುತ್ತಾ.

"ಈಗ ಶುರು ಮಾಡೇನ್ರಿ. ನಾ ನೇಕಾರರಿ. ಮಗನ ಕುಸ್ತಿ ನೋಡಾಕ ಬಂದಿದ್ದೆ."

"ಅಯ್ಯ ಶಿವನ! ನಾನೂ ಬಿಟ್ಟ ಹತ್ತ ವರ್ಷ ಆತ್ರಿ. ಸೊಂಟ ಹಿಡಕೊಂಡೈತಿ. ಈಗ ನೀವು ಕೈ ಬಿಟ್ಟ್ರ ನಾ ಬೀಳ್ತೇನಿ."

"ನೀವು ಬಿಟ್ಟ್ರ ನಾನೂ ಬೀಳ್ತೇನ್ರಿ."

"ಹಂಗಾದ್ರ ಬಿಡೂದ ಬ್ಯಾಡ. ಇಳಕಲ್ಲಂದ್ರಲ್ಲ? ಮಗಳ ಲಗ್ನ ಐತ್ರಿ, ಒಂದ ಚಲೋ ಸೀರಿ ಬೇಕಾಗಿತ್ತು."

"ದಡಿ ಯಾವದರಿ? ಗೋಮಿ ದಡಿ ಮಾಡ್ಲ್ಯಾ?" ಎಂದು ಅಪ್ಪ ಸೀರೆಯ ಅಂಚಿನ ನಮೂನೆ ಕೇಳಿದ.

"ಗೋಮಿನ ಇರ್ಲಿ. ಬಣ್ಣ ಹಸರ ಮಾಡ್ರಿ."

ಲಗ್ನಕ್ಕೆ ಹಸಿರಿಗಿಂತ ಕೆಂಪೇ ಚಂದ ಎಂದು ಅಪ್ಪ ಜೋರಾಗಿ ತಲೆ ಅಲ್ಲಾಡಿಸಿದ. "ನೋಡ ನೋಡ, ತಲೀಲೆ ಹೆಂಗ ಹೊಡದ!" ಎಂದು ಜನ ಕೂಗಿದರು. ಅವರು ಹಸಿರು ಬಿಡಲಿಲ್ಲ, ಇವನು ಕೆಂಪು ಬಿಡಲಿಲ್ಲ. ಒಮ್ಮೆ ಈ ಕಡೆ ನೂಕಾಟ, ಒಮ್ಮೆ ಆ ಕಡೆ. ಇಂಥ ಹಟದ ಕುಸ್ತಿಯನ್ನು ನಾನು ಇನ್ನೊಮ್ಮೆ ನೋಡಲಿಲ್ಲ. ಕಡೆಗೆ ಪಂಚರೇ ಕಣಕ್ಕಿಳಿದು ಇಬ್ಬರನ್ನೂ ಬಿಡಿಸಿ, ಇಬ್ಬರ ಕೈಯನ್ನೂ ಎತ್ತಿ, "ಬರಾಬರಿ!" ಎಂದು ಸಾರಿದರು. ಇಬ್ಬರಿಗೂ ರುಮಾಲು ಸುತ್ತಿದರು.

ನನಗೆ ಜೋಡಿ ಇಲ್ಲ, ಕುಸ್ತಿ ಇಲ್ಲ. ಸಂಜೆಯ ಬಸ್ಸಿನಲ್ಲಿ ಅಪ್ಪನ ಹಿಂದಿನ ಸೀಟಿನಲ್ಲಿ ಮುದುಡಿ ಕೂತೆ. ಪಂಚಮಿ ಮುಗಿದಿತ್ತು, ನಾನು ಮಂದಿ ಮುಂದೆ ಮಣ್ಣು ಮುಟ್ಟಿರಲಿಲ್ಲ. ಅಪ್ಪನ ಮಾತು ಅಂದರೆ ಮಾತು. ವಸ್ತಾದರಿಗೂ ಅದೇ ಚಿಂತೆ. ಹುನಗುಂದ ದಾಟಿದ ಮೇಲೆ ಧೈರ್ಯ ಮಾಡಿ ಕೇಳಿದರು.

"ಹುಡುಗನ ವಿಚಾರ ಏನ್ರಿ? ನಾಳಿಯಿಂದ ಗರಡಿಗೆ ಕಳಸ್ತೀರೋ, ಮಗ್ಗಕ್ಕ ಕುಂದ್ರಸ್ತೀರೋ?"

ಅಪ್ಪ ಕಿವಿಯಲ್ಲಿದ್ದ ಮಣ್ಣನ್ನು ಬೆರಳಿನಿಂದ ತೆಗೆದು ಕಿಟಕಿಯ ಹೊರಗೆ ಒಗೆದ.

"ಮಗ್ಗಕ್ಕ ಕುಂದ್ರಲಿ" ಅಂದ.

ನನ್ನ ಕಣ್ಣು ತುಂಬಿ ಬಂತು. ವಸ್ತಾದರು ತಲೆ ತಗ್ಗಿಸಿದರು.

"ಮುಂಜಾನಿ ಎರಡ ತಾಸು ಕುಂತ್ರ ಸಾಕು" ಎಂದು ಅಪ್ಪ ಮುಂದುವರಿಸಿದ. "ಅಷ್ಟರಾಗ ನಾ ಗರಡಿಗೆ ಬಂದ ಹೋಗ್ತೇನಿ. ಅವ ಸಂಜಿಕಿ ಬರ್ಲಿ. ಬರಾಬರಿ ಆದದ್ದು ನನ್ನ ಮನಸ್ಸಿಗೆ ಬರವಲ್ಲದು."